ಅಂಚಿನ ಸುಳಿ

ಖಡಕಿ ಬಜಾರಿನಲ್ಲಿ ದಸ್ತಗೀರ್ ಮಾಸ್ತರರ ಅಂಗಡಿ
ಒಂದೂವರೆ ಮಾರು. ಗೋಡೆಗಡಿಯಾರ ಏಳು ನಿಮಿಷ ಮುಂದೆ.
ನಾನು ತಂದದ್ದು ಸೋದರತ್ತೆಯ ಹಳೆಯ ಮಖಮಲ್ಲು, ಕಡುನೀಲಿ,
ಅಲ್ಲಲ್ಲಿ ಹುಳ ತಿಂದದ್ದು.
ರವಿಕೆಯಾದೀತೆ?
ಉತ್ತರಿಸದೆ ಅವರು ಅಂಗೈ ಆಡಿಸಿದರು.
ಕೈ ಹೋದ ಕಡೆಗೆ ನವಿರೆಲ್ಲ ಒಂದೇ ದಿಕ್ಕಿಗೆ ಮಲಗಿತು,
ಕೈ ಮರಳಿದಾಗ ಅದೇ ಬಟ್ಟೆಗೆ ಇನ್ನೊಂದು ಬಣ್ಣ.

ನನ್ನ ಕೆಲಸವೂ ಇದೇ ಮಾಸ್ತರೆ, ಎನ್ನಲಿಲ್ಲ.
ಅಷ್ಟು ಹೇಳಲು ಒಂದು ಚಹಾ ಸಾಲದು.

ಜಗತ್ತಿನ ಮೊದಲ ಬೆಳಕು ಇನ್ನೂ ಬರುತ್ತಲೇ ಇದೆ,
ಔಂಧಿನ ಟೆರೇಸಿಗೂ, ಅಲ್ಲಿ ಒಣಹಾಕಿದ ಚಾದರಕ್ಕೂ,
ಪರಮಶೂನ್ಯದಿಂದ ಮೂರು ಗೀಟೂ ಮೇಲಿಲ್ಲದ ಚಳಿಯಾಗಿ.
ಅದಕ್ಕೂ ಮಖಮಲ್ಲಿನ ಹಾಗೆ ಮಲಗಿದ ದಿಕ್ಕುಂಟು.
ಹುಟ್ಟಿದಾಗ ಅದರ ವಿನ್ಯಾಸ ನೇರ, ಕನ್ನಡಿ ಹಿಡಿದರೂ ಅದೇ.
ದಾರಿಯಲ್ಲಿ ಮಾತ್ರ ಕಾಣದ ಭಾರಗಳು
ಚಾದರದಡಿಯ ಮಗು ನಿದ್ದೆಯಲ್ಲಿ ಮೊಣಕಾಲೆತ್ತಿದಂತೆ
ಎಳೆಯುತ್ತವೆ ಒಂದಿಷ್ಟು, ಕೂದಲೆಳೆಯಷ್ಟು.
ಅಲ್ಲೊಂದು ಸುಳಿ, ಎಡಮುರಿ ಅಥವಾ ಬಲಮುರಿ.
ಮಗು ಕಾಣುವುದಿಲ್ಲ.
ಸುಳಿ ಹಿಡಿದು ಮೊಣಕಾಲನ್ನು ಅಳೆಯಬೇಕು.

ಆಕಾಶ ಪೂರ್ತಿ ಸಿಕ್ಕಿದ್ದರೆ!
ಸಿಕ್ಕಿದ್ದು ತುಂಡು, ದಕ್ಷಿಣದ್ದು,
ಯಾರದೋ ಮರುಭೂಮಿಯ ನೆತ್ತಿಯಿಂದ ಕಂಡದ್ದು.
ನಮ್ಮದೇ ಆಕಾಶಗಂಗೆಯ ಧೂಳು ಅಡ್ಡ ಬಂದ ಕಡೆ ಕತ್ತರಿ.
ಬೊಬ್ಬಿಡುವ ಗೆಲಾಕ್ಸಿಗಳಿದ್ದಲ್ಲಿ ದುಂಡು ದುಂಡು ತೂತು.
ಮೂರು ವರ್ಷ ಆ ತುಂಡನ್ನು ತೊಡೆಯ ಮೇಲಿಟ್ಟು ಕೂತೆ.
ಸುಳಿ ಸಿಕ್ಕಿತು. ಎಷ್ಟು ಸಿಕ್ಕಿತೆಂದರೆ
ಕ್ಯಾಂಟೀನಿನಲ್ಲಿ ಎಲ್ಲರಿಗೂ ಸಾಬುದಾಣಾ ವಡೆ ಕೊಡಿಸಿದೆ.

ಆಮೇಲೆ, ಬರೀ ಕ್ರಮಕ್ಕೆಂದು,
ಕಂಪ್ಯೂಟರಿನೊಳಗೆ ಐನೂರು ಆಕಾಶ ನೇಯ್ದೆ.
ಯಾವುದರಡಿಯಲ್ಲೂ ಮಗುವಿಲ್ಲ, ಭಾರವಿಲ್ಲ, ಎಳೆತವಿಲ್ಲ.
ಅದೇ ಕತ್ತರಿಯಿಂದ ಅದೇ ಆಕಾರಕ್ಕೆ ಕತ್ತರಿಸಿ ನೋಡಿದರೆ
ಸುಳಿ!
ಐನೂರರಲ್ಲೂ, ಅಂಚಿನುದ್ದಕ್ಕೂ, ತೂತುಗಳ ಸುತ್ತಲೂ,
ಕರೆಯದೆ ಬಂದು ಮೊದಲ ಪಂಕ್ತಿಯಲ್ಲಿ ಕೂತವರ ಹಾಗೆ.
ಖಾಂಬೇಟೆ ಮೇಡಂ ಪರದೆ ನೋಡಿ ಕನ್ನಡಕ ತೆಗೆದರು:
"ಅಗಂ, ಹೀ ತರ ಆಪಲೀಚ ಕಾತ್ರಿ."
ಕತ್ತರಿ ನಮ್ಮದೇ.

ಮಾಸ್ತರರದು ಇಂಡಿ ಕಡೆಯ ಕನ್ನಡ,
ಮೂವತ್ತು ವರ್ಷ ಮರಾಠಿಯಲ್ಲಿ ನೆನೆದದ್ದು.
"ಕತ್ತರಿ ಬಿದ್ದಲ್ಲೆ ಎಳಿ ಹೊಳ್ಳತಾವ್ರೀ ಅಕ್ಕಾರ,
ಅದು ನೇಯ್ಗಿ ಅಲ್ಲ. ಬಟ್ಟಿ ಗುಣ ನಡುವ ನೋಡಬೇಕು."
ನಡುವೇ ಗೇಣಷ್ಟಿದ್ದರೆ?
"ಗೇಣೇ ನೋಡಬೇಕು." ಬಾಯಲ್ಲಿ ಗುಂಡುಪಿನ್ನು. "ಬ್ಯಾರೆ ಏನ್ ಮಾಡ್ತೀರಿ?"

ಬೇರೆ ಏನು ಮಾಡಲಿ. ಅಂಚನ್ನು ಕತ್ತರಿಸದೆ ಕರಗಿಸಿದೆ,
ಎರಡು ಡಿಗ್ರಿಯಗಲ, ಒಂದರಿಂದ ಸೊನ್ನೆಗೆ ಮೆಲ್ಲಗೆ,
ಸಂಜೆ ಮುಳಾ ನದಿಯ ದಂಡೆ ಎಲ್ಲಿ ಮುಗಿಯಿತೆಂದು ಗೊತ್ತಾಗದಂತೆ.
ಸುಳ್ಳು ಸುಳಿ ಇಳಿಯಿತು. ಜೊತೆಗೆ ನಿಜದ್ದೂ ಒಂದಿಷ್ಟು,
ಅದರದೂ ಅಂಚಿನಲ್ಲೊಂದು ಪಾಲು ಇತ್ತಲ್ಲ.
ಆರರ ಮೇಲಿದ್ದ ನಂಬಿಕೆ ಎರಡೂವರೆಗೆ ನಿಂತಿತು.
ಲೇಖನದಲ್ಲಿ "ಕಂಡೆವು" ಹೊಡೆದು ಹಾಕಿದೆ,
"ಕಂಡಿರಬಹುದು" ಎಂದು ಬರೆದು ಬಹಳ ಹೊತ್ತು ನೋಡಿದೆ.
ಅದು ನಾಚಿಕೆಯ ಮಾತಾಗಿ ಕಾಣಲಿಲ್ಲ.
ವಡೆಯ ದುಡ್ಡು ಹೋದದ್ದು ಹೋಯಿತು.

ಆಷಾಢ. ಹದಿನೆಂಟು ದಿನದಿಂದ ಪುಣೆಗೆ ನಕ್ಷತ್ರವಿಲ್ಲ.
ರವಿಕೆ ಬಂದಿದೆ. ಹುಳ ತಿಂದದ್ದೆಲ್ಲ ಹೊಲಿಗೆಯೊಳಗೆ ಸೇರಿದೆ,
ಒಳಗೆ ಎರಡು ಬೆರಳು ಬಟ್ಟೆ ಮಡಚಿಟ್ಟಿದ್ದಾರೆ,
ಮುಂದೆ ಬಿಚ್ಚಿಕೊಳ್ಳಲಿ ಎಂದು.
ಟೆರೇಸಿನಲ್ಲಿ ನಿಂತು ತೋಳಿನ ಮೇಲೆ ಬೆರಳಾಡಿಸುತ್ತೇನೆ,
ನವಿರು ಸುತ್ತಿಕೊಂಡು ಸುಳಿಯಾಗುತ್ತದೆ.
ಇದು ಬೆರಳಿನದು. ಗೊತ್ತು.
ಬಗಲಿನಡಿ ಒಂದು ತೂತು ಉಳಿದುಬಿಟ್ಟಿದೆ.
ಗಾಳಿ ತಾಗುತ್ತದೆ.